ಕಾಡುಹಕ್ಕಿಗಳಲ್ಲಿ ಹಕ್ಕಿಜ್ವರ: ಸಾವಿನ ಬೆನ್ನು ಹತ್ತಿದ ನಿಗಾ

1961ರಲ್ಲಿ ದಕ್ಷಿಣ ಆಫ್ರಿಕಾದ ಕಡಲತೀರದಲ್ಲಿ ಸಾವಿರಕ್ಕೂ ಹೆಚ್ಚು ರೀವ (ಟರ್ನ್) ಹಕ್ಕಿಗಳು ಹಕ್ಕಿಜ್ವರದಿಂದ ಸತ್ತವು. ಆದರೂ ಕಾಡುಬಾತುಗಳ ಕರುಳಿನಲ್ಲಿ ವೈರಸ್ ತೊಂದರೆ ಕೊಡದೆ ನೆಲೆಸಿರುತ್ತದೆ, ಅದು ಮಾರಕ ರೂಪ ತಾಳುವುದು ಸಾಕುಕೋಳಿಗಳ ನಡುವೆ ಎಂಬ ತಿಳಿವಳಿಕೆಯೇ ನಾಲ್ಕು ದಶಕ ನಡೆದುಬಂತು. 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನ ಸಾಕು ಹೆಬ್ಬಾತುಗಳಲ್ಲಿ ಪತ್ತೆಯಾದ ಎಚ್‌5ಎನ್‌1 ಎಂಬ ಹಕ್ಕಿಜ್ವರದ ವೈರಸ್, ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಮಂದಿಯನ್ನು ಬಲಿ ಪಡೆದಾಗಲೂ ಗಮನವೆಲ್ಲ ಕೋಳಿ ಮಾರುಕಟ್ಟೆಗಳ ಮೇಲಿತ್ತು.

ಆ ನಂಬಿಕೆ ಅಲುಗಾಡಿದ್ದು 2005ರಲ್ಲಿ. ಚೀನಾದ ಕ್ವಿಂಗ್‌ಹೈ ಸರೋವರದಲ್ಲಿ ಆ ವರ್ಷ 6,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳದೇ ದೊಡ್ಡ ಪಾಲು. ಟಿಬೆಟ್ ಮತ್ತು ಮಂಗೋಲಿಯದ ಕಡೆ ಮರಿ ಮಾಡಿ, ಹಿಮಾಲಯ ದಾಟಿ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯವರೆಗೂ ಚಳಿಗಾಲಕ್ಕೆ ಬರುವ ಹಕ್ಕಿ ಇದೇ. ಸಹಜವಾಗಿಯೇ ವಲಸೆ ಹಕ್ಕಿಯತ್ತ ಬೆರಳು ತಿರುಗಿತು. ಆದರೆ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟ ಹೆಬ್ಬಾತುಗಳನ್ನು ಉಪಗ್ರಹದ ಮೂಲಕ ಹಿಂಬಾಲಿಸಿದಾಗ, ಅವುಗಳಲ್ಲಿ ಕೆಲವು ಲಾಸಾದ ಸುತ್ತ, ಕೋಳಿ ಸಾಕಣೆ ಕೇಂದ್ರಗಳಿರುವ ಕಣಿವೆಯಲ್ಲೇ ಚಳಿಗಾಲ ಕಳೆಯುತ್ತಿದ್ದುದು ಕಂಡುಬಂತು. ಸೋಂಕು ಎರಡೂ ದಿಕ್ಕಿನಲ್ಲಿ ದಾಟಬಲ್ಲದು ಎಂಬುದನ್ನು ಮರೆತು ಹಕ್ಕಿಯನ್ನಷ್ಟೇ ದೂರುವುದು ನ್ಯಾಯವಲ್ಲ.

2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ ರೋಗ ಕಾಣಿಸಿಕೊಂಡ ಮೇಲೆ ಭಾರತದಲ್ಲಿ ನಿಗಾ ಬಿಗಿಯಾಯಿತು. ಹಕ್ಕಿಯ ಗಂಟಲು ಮತ್ತು ಗುದದ್ವಾರದಿಂದ ಹತ್ತಿ ಸುತ್ತಿದ ಕಡ್ಡಿಯಲ್ಲಿ ದ್ರವ ತೆಗೆದು, ವೈರಸ್ ಕೆಡದಂತೆ ಕಾಯುವ ದ್ರಾವಣದ ಸೀಸೆಯಲ್ಲಿ ಅದ್ದಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಭೋಪಾಲದ ಪ್ರಾಣಿರೋಗ ಪ್ರಯೋಗಾಲಯಕ್ಕೆ ಕಳಿಸಬೇಕು. ಹಕ್ಕಿ ಹಿಡಿಯಲಾಗದ ಕಡೆ ಕೆರೆದಂಡೆಯ ಹಸಿ ಹಿಕ್ಕೆಯೂ ಆಗುತ್ತದೆ, ಆದರೆ ಬಿಸಿಲಿಗೆ ಒಣಗುವ ಮುನ್ನವೇ ಅದನ್ನು ಎತ್ತಿಕೊಳ್ಳಬೇಕು. ದಾರಿಯಲ್ಲಿ ತಂಪು ತಪ್ಪಿದರೆ ವೈರಸ್ ಇದ್ದರೂ ಸಿಗದೆ ಹೋಗಬಹುದು.

ಇಷ್ಟೆಲ್ಲ ವಿಧಾನ ಗೊತ್ತಿದ್ದೂ, 2020ರ ಡಿಸೆಂಬರ್ ಕೊನೆಗೆ ಹಿಮಾಚಲದ ಪಾಂಗ್ ಜಲಾಶಯದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾಯತೊಡಗಿದ ಮೇಲಷ್ಟೇ ಅಲ್ಲಿ ಎಚ್‌5ಎನ್‌1 ಇರುವುದು ತಿಳಿಯಿತು. ಸತ್ತ ಹಕ್ಕಿಗಳ ಸಂಖ್ಯೆ ಕೆಲವೇ ವಾರಗಳಲ್ಲಿ ಸಾವಿರಗಳನ್ನು ದಾಟಿತು. ಮುಂದೆ ಇದೇ ವೈರಸ್ಸಿನ ಒಂದು ಕವಲು ಯುರೋಪಿನ ಕಡಲಹಕ್ಕಿಗಳನ್ನು ಕಾಡಿ, 2023ರಲ್ಲಿ ಅರ್ಜೆಂಟೀನಾದಲ್ಲಿ ಆನೆ ಸೀಲ್ ಎಂಬ ಕಡಲ ಸಸ್ತನಿಯ ಮರಿಗಳನ್ನು ಕೊಂದು, 2024ರಲ್ಲಿ ಅಂಟಾರ್ಕ್ಟಿಕದ ನೆಲವನ್ನೂ ಮುಟ್ಟಿತು.

ಸತ್ತ ಹಕ್ಕಿ ಸೋಂಕಿನ ಸುದ್ದಿಯನ್ನು ತಡವಾಗಿ ತರುತ್ತದೆ. ಆರೋಗ್ಯವಾಗಿ ಕಾಣುವ ಹಕ್ಕಿಯ ಪರೀಕ್ಷೆಗೆ ಹಣ, ಅನುಮತಿ, ಕೈಗಳು ಎಲ್ಲವೂ ಬೇಕು. ಹಕ್ಕಿ ಅರಣ್ಯ ಇಲಾಖೆಯದ್ದು, ರೋಗ ಪಶುಸಂಗೋಪನೆಯದ್ದು, ಮನುಷ್ಯರಿಗೆ ತಗುಲಿದರೆ ಆರೋಗ್ಯ ಇಲಾಖೆಯದ್ದು ಎಂದು ಕೆಲಸ ಹಂಚಿಹೋಗಿರುವಾಗ ಇವು ಒಟ್ಟಿಗೆ ಕೂಡಿಬರುವುದು ಅಪರೂಪ. ಮಾಗಡಿಯ ಹೆಬ್ಬಾತುಗಳು ಕೆರೆಯಲ್ಲಿ ವಿಶ್ರಮಿಸಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅಂಥ ಕಡೆ ಅವು ಬಂದಿಳಿದಾಗ ಒಮ್ಮೆ, ಮರಳಿ ಹೊರಡುವ ಮುನ್ನ ಒಮ್ಮೆ ಹಿಕ್ಕೆಯ ಮಾದರಿ ತೆಗೆಯುವ ಕೆಲಸ ಪ್ರತಿವರ್ಷ ತಪ್ಪದೆ ನಡೆಯಬೇಕು.