ಎಣ್ಣೆಯನ್ನು ಒಳಗೆ ಕಳಿಸುವ ಪಾಡು: ಡೀಸೆಲ್ ಪಂಪಿನ ಹಿನ್ನೆಲೆ

ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಬಿದ್ದ ಎಣ್ಣೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಈ ತತ್ತ್ವವನ್ನು ನೆಚ್ಚಿದ ಎಂಜಿನ್‌ಗೆ ರುಡಾಲ್ಫ್ ಡೀಸೆಲ್ 1893ರ ಫೆಬ್ರವರಿಯಲ್ಲಿ ಪೇಟೆಂಟ್ ಪಡೆದರು. ಆದರೆ ಎಣ್ಣೆಯನ್ನು ಅಷ್ಟು ಒತ್ತಡದ ಎದುರಿಗೆ, ತಕ್ಕ ಗಳಿಗೆಯಲ್ಲಿ, ಮಂಜಿನಷ್ಟು ನುಣ್ಣಗೆ ಮಾಡಿ ಸಿಲಿಂಡರಿನೊಳಕ್ಕೆ ಕಳಿಸುವ ಕೆಲಸ ಹದಕ್ಕೆ ಬರಲು ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಜರ್ಮನಿಯ ಔಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ ನಡೆಯಿತು. ಕಾರ್ಖಾನೆಯ ಬೆಲ್ಟಿನಿಂದ ತಿರುಗುತ್ತಿದ್ದ ಎಂಜಿನ್‌ಗೆ ಪೆಟ್ರೋಲ್ ಹಾಯಿಸಿದ್ದೇ ತಡ, ಒಳಗಿನ ಒತ್ತಡ ಸುಮಾರು 80 ಪಟ್ಟು ವಾಯುಭಾರಕ್ಕೇರಿ, ಅದನ್ನು ಅಳೆಯಲು ಕೂರಿಸಿದ್ದ ಉಪಕರಣವೇ ಸಿಡಿದುಹೋಯಿತು. ಇಂಧನ ತಾನಾಗಿ ಹೊತ್ತುತ್ತದೆ ಎಂಬುದು ಸಿದ್ಧವಾಯಿತು. ಎಂಜಿನ್ ಮಾತ್ರ ಸ್ವಂತ ಬಲದಿಂದ ಓಡಲಿಲ್ಲ. 1894ರ ಫೆಬ್ರವರಿ 17ರಂದು, ಅದುವರೆಗೆ ಎಂಜಿನ್ನನ್ನು ಎಳೆಯುತ್ತಿದ್ದ ಬೆಲ್ಟಿನ ಬಿಗಿ ಮಗ್ಗುಲು ಸಡಿಲಾಗಿ, ಸಡಿಲವಿದ್ದದ್ದು ಬಿಗಿಯಾಯಿತು: ಎಂಜಿನ್ನೇ ಎಳೆಯತೊಡಗಿತ್ತು, ನಿಮಿಷಕ್ಕೆ 88 ಸುತ್ತಿನಂತೆ, ಒಂದೇ ಒಂದು ನಿಮಿಷ.

ಅಂದಿನ ಪಂಪುಗಳಿಗೆ ಎಣ್ಣೆಯನ್ನು ನೇರವಾಗಿ ಚಿಮ್ಮಿಸುವ ಕಸುವಿರಲಿಲ್ಲವಾದ್ದರಿಂದ ಡೀಸೆಲ್ ಸುತ್ತುದಾರಿ ಹಿಡಿದು, ಸಿಲಿಂಡರಿಗಿಂತ ಹೆಚ್ಚಿನ ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದಿಸಿದರು. ಇದೇ ಉಪಾಯದಿಂದ 1897ರ ಅಧಿಕೃತ ಪರೀಕ್ಷೆಯಲ್ಲಿ ಎಂಜಿನ್ ಇಂಧನದ ಶಾಖದಲ್ಲಿ ಶೇ. 26ರಷ್ಟನ್ನು ಕೆಲಸಕ್ಕೆ ಹಚ್ಚಿತು. ಆ ಕಾಲದ ಉಗಿಯಂತ್ರಗಳಿಗೆ ಅದು ಎಟುಕದ ಮಾತು. ಆದರೆ ಊದುವ ಗಾಳಿಗೆಂದೇ ಬೇರೊಂದು ಕಂಪ್ರೆಸರ್ ಬೇಕಿತ್ತು. ಹಡಗು, ವಿದ್ಯುತ್ ಕೇಂದ್ರಗಳು ಆ ಭಾರವನ್ನು ತಾಳಿಕೊಂಡವು, ಲಾರಿ ತಾಳುವಂತಿರಲಿಲ್ಲ.

ಕಂಪ್ರೆಸರಿನಿಂದ ಬಿಡುಗಡೆಗೆ ಬ್ರಿಟನ್ನಿನ ವಿಕರ್ಸ್ ಕಂಪನಿಯಲ್ಲಿ ಜೇಮ್ಸ್ ಮೆಕೆಕ್ನಿ, ಜರ್ಮನಿಯ ಮ್ಯಾನ್‌ಹೈಮ್‌ನ ಬೆಂಜ್ ಕಂಪನಿಯಲ್ಲಿ ಪ್ರೋಸ್ಪರ್ ಲೋರಾಂಜ್ ಬೇರೆ ಬೇರೆ ದಾರಿ ಹುಡುಕಿದರು. ಸಣ್ಣ ಎಂಜಿನ್‌ಗೆ ಒಗ್ಗುವ ಪಂಪಿನ ಕೆಲಸವನ್ನು 1922ರಲ್ಲಿ ಕೈಗೆತ್ತಿಕೊಂಡ ರಾಬರ್ಟ್ ಬಾಷ್, 1927ರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾರಂಭಿಸಿದರು. ಅದರ ಜೀವವೆಲ್ಲ ಬೆರಳುಗಾತ್ರದ ಪ್ಲಂಜರ್‌ನಲ್ಲಿ, ಅಂದರೆ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತ ಎಣ್ಣೆಯನ್ನು ಒತ್ತುವ ಲೋಹದ ಕಡ್ಡಿಯಲ್ಲಿದೆ. ಅದರ ಮೈಮೇಲೆ ಓರೆಯಾಗಿ ಕೊರೆದ ತೋಡಿದ್ದು, ಪ್ಲಂಜರನ್ನು ತುಸು ತಿರುಗಿಸಿದರೆ ಎಣ್ಣೆ ವಾಪಸು ಹರಿಯುವ ಗಳಿಗೆ ಹಿಂದೆ ಮುಂದೆ ಸರಿಯುತ್ತದೆ. ಆ ಗಳಿಗೆ ತಡವಾದಷ್ಟೂ ಸಿಲಿಂಡರಿಗೆ ಹೋಗುವ ಎಣ್ಣೆ ಹೆಚ್ಚು; ಆಕ್ಸಿಲರೇಟರ್ ಒತ್ತಿದಾಗ ಎಣ್ಣೆ ಹೆಚ್ಚುವುದು ಹೀಗೆ. ಇಷ್ಟು ಸರಳವಾದ ಯುಕ್ತಿ ಅಷ್ಟು ತಡವಾಗಿ ಫಲಿಸಿತೆಂದರೆ, ನನ್ನ ಎಣಿಕೆಯಲ್ಲಿ, ಕೊರತೆಯಿದ್ದದ್ದು ಬುದ್ಧಿಗಲ್ಲ, ಲೋಹವನ್ನು ಅಷ್ಟು ನಿಖರವಾಗಿ ಉಜ್ಜುವ ಕೈಗೆ.

ಆ ಕೈಚಳಕ ಬೆಂಗಳೂರಿಗೂ ಬಂದಿತು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಆಡುಗೋಡಿಯಲ್ಲಿ ಇಂಥ ಪಂಪುಗಳನ್ನು ತಯಾರಿಸಿತು. ಪ್ಲಂಜರಿಗೂ ಅದರ ಕೊಳವೆಗೂ ನಡುವೆ ವಾಷರಿಲ್ಲ, ರಬ್ಬರಿಲ್ಲ. ಕೆಲವೇ ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಂದಿಯೇ ಎಣ್ಣೆಯನ್ನು ತಡೆಯುತ್ತದೆ. ಹಾಗಾಗಿ ಪಂಪು ಬಿಚ್ಚುವ ಮೆಕ್ಯಾನಿಕ್ ಒಂದರ ಪ್ಲಂಜರನ್ನು ಇನ್ನೊಂದರ ಕೊಳವೆಗೆ ಎಂದೂ ಹಾಕುವುದಿಲ್ಲ.