ರಾತ್ರಿ ಮೂರಕ್ಕೆ ಬರುವ ನಿದ್ದೆ

"ಡಾಕ್ಟ್ರೇ, ಮೂರು ಗಂಟೆಯಾದರೂ ನಿದ್ದೆ ಹತ್ತಲ್ಲ" ಎಂದು ಬರುವವರಿಗೆ ನಾನು ಮೊದಲು ಕೇಳುವುದು ರಜಾ ದಿನದ ಬಗ್ಗೆ. ಅಲಾರಂ ಇಡದ ದಿನ ಎಷ್ಟು ಹೊತ್ತಿಗೆ ಏಳುತ್ತೀರಿ? "ಹನ್ನೊಂದಕ್ಕೆ. ಅವತ್ತು ಮೈ ಹಗುರವಾಗಿರುತ್ತೆ" ಅಂದರೆ ಅರ್ಧ ಉತ್ತರ ಸಿಕ್ಕಂತೆ. ಇವರಿಗೆ ನಿದ್ದೆ ಬರುತ್ತದೆ, ಎಂಟು ಗಂಟೆ ಗಡದ್ದಾಗಿಯೇ ಬರುತ್ತದೆ. ಬರುವ ಹೊತ್ತು ಬೇರೆ, ಅಷ್ಟೇ.

ಆ ಹೊತ್ತನ್ನು ಗೊತ್ತುಮಾಡುವ ಗಡಿಯಾರ ಮೆದುಳಿನ ಬುಡದಲ್ಲಿದೆ. ಎರಡೂ ಕಣ್ಣಿನ ನರಗಳು ಸೇರಿ ದಾಟುವ ಜಾಗದ ಮೇಲೆ ಕೂತಿರುವ ಪುಟ್ಟ ನರಕೋಶಗಳ ಗುಂಪು ಅದು. ಕಣ್ಣಿನಿಂದ ಅದಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವ ಕೋಶಗಳೇ ಬೇರೆ ಇವೆ. ಹಾಗಾಗಿ ಏನೂ ಕಾಣದ ಕೆಲವರಲ್ಲೂ ಗಡಿಯಾರ ಹಗಲು ರಾತ್ರಿಗೆ ಸರಿಯಾಗಿ ಹೊಂದಿಕೊಂಡಿರುತ್ತದೆ.

ಬೆಳಕೇ ಸಿಗದಿದ್ದರೆ? 1962ರಲ್ಲಿ ಮಿಷೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿ ಕೈಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಎರಡು ತಿಂಗಳು ಇದ್ದರು. ಹೊರಗೆ ಕರೆದ ದಿನ ಅವರ ಲೆಕ್ಕದಲ್ಲಿ ಆಗಸ್ಟ್ 20. ನಿಜಕ್ಕೂ ಅದು ಸೆಪ್ಟೆಂಬರ್ 14! ತಲೆಯ ಲೆಕ್ಕ ಇಷ್ಟು ತಪ್ಪಿದರೂ ಮಲಗಿ ಏಳುವ ಸುತ್ತು ಮಾತ್ರ ಹೆಚ್ಚುಕಡಿಮೆ 24 ಗಂಟೆಯ ಆಸುಪಾಸಿನಲ್ಲೇ ಇತ್ತು. ಆಮೇಲೆ ಜರ್ಮನಿಯ ನೆಲಮಾಳಿಗೆಯ ಪ್ರಯೋಗಗಳು ಆ ಸುತ್ತು 25 ಗಂಟೆ ಎಂದವು. ಬಹಳ ಕಾಲ ಎಲ್ಲರೂ ಅದನ್ನೇ ನಂಬಿದ್ದರು. ಆದರೆ ಅಲ್ಲಿದ್ದವರು ಬೇಕೆನಿಸಿದಾಗ ದೀಪ ಹಾಕಿಕೊಳ್ಳುತ್ತಿದ್ದರು. ಆ ದೀಪವೇ ಗಡಿಯಾರವನ್ನು ತಡಮಾಡುತ್ತಿತ್ತು. 1999ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಸೈಸ್ಲರ್ ತಂಡ ಮಂದ ಬೆಳಕಿನಲ್ಲಿ ಅಳೆದಾಗ ಸಿಕ್ಕ ಸರಾಸರಿ 24 ಗಂಟೆ 11 ನಿಮಿಷ.

ಅಂದರೆ ಹೆಚ್ಚಿನವರ ಗಡಿಯಾರವನ್ನು ದಿನಾ ಒಂಚೂರು ಮುಂಚೆಗೆ ಎಳೆದು ಕೂರಿಸಬೇಕು. ಎಳೆಯುವುದು ಬೆಳಗಿನ ಬೆಳಕು. ಯಾವ ಬೆಳಗು ಅನ್ನುವುದರಲ್ಲೇ ಇರೋದು ಕಿತಾಪತಿ.

ಹೊಸದಾಗಿ ಪ್ರಾಕ್ಟೀಸ್ ಶುರುಮಾಡಿದಾಗ ಒಬ್ಬ ಹುಡುಗನಿಗೆ "ಐದಕ್ಕೆ ಎದ್ದು ಜೋರು ದೀಪದ ಮುಂದೆ ಕೂತ್ಕೋ" ಎಂದಿದ್ದೆ. ಪಾಪ, ಹಾಗೇ ಮಾಡಿದ. ಎರಡು ವಾರ ಬಿಟ್ಟು ಬಂದಾಗ ಅವನ ನಿದ್ದೆ ಮೂರರಿಂದ ನಾಲ್ಕಕ್ಕೆ ಹೋಗಿತ್ತು! ತಪ್ಪು ನನ್ನದೇ. ತಾನಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ನಮ್ಮ ಮೈ ತೀರಾ ತಣ್ಣಗಾಗಿರುತ್ತದೆ. ಅದಾದ ಮೇಲೆ ಬೀಳುವ ಬೆಳಕು ನಿದ್ದೆಯನ್ನು ಬೇಗ ಮಾಡುತ್ತದೆ. ಅದಕ್ಕೂ ಮೊದಲು ಬಿದ್ದರೆ ಇನ್ನೂ ತಡ. ಹನ್ನೊಂದಕ್ಕೆ ಏಳುವವನಿಗೆ ಬೆಳಗಿನ ಐದು ಅಂದರೆ ನಟ್ಟಿರುಳು, ಅಲ್ವಾ?

ಈಗ ಅಂಥವರಿಗೆ ಮೊದಲ ವಾರ ಹತ್ತೂವರೆಗೆ ಎದ್ದು ಹೊರಗೆ ಬನ್ನಿ, ಸಂಜೆಯಾದ ಮೇಲೆ ದೀಪ ಕಡಿಮೆ ಮಾಡಿ ಎನ್ನುತ್ತೇನೆ. ಆಮೇಲೆ ಕೆಲವು ದಿನಕ್ಕೊಮ್ಮೆ ಅರ್ಧರ್ಧ ಗಂಟೆ ಬೇಗ. "ಹತ್ತೂವರೆಗಾ?" ಎಂದು ಜೊತೆಗೆ ಬಂದ ಅಮ್ಮ ನನ್ನನ್ನು ನೋಡುವ ನೋಟ ಇದೆಯಲ್ಲ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.