ಎಲ್‌ಇಡಿ ತಗೊಳ್ಳಲಾ, ಐಪಿಎಸ್ ತಗೊಳ್ಳಲಾ?

ಓದುಗರ ಪ್ರಶ್ನೆ: ಮನೆಯಿಂದಲೇ ಆಫೀಸ್ ಕೆಲಸ ಮಾಡಲು ಒಂದು ಮಾನಿಟರ್ ಬೇಕು. ಅಂಗಡಿಯವರು ಎಲ್‌ಇಡಿ ಒಳ್ಳೇದು ಅಂತಾರೆ, ನನ್ನ ತಮ್ಮ ಐಪಿಎಸ್ ತಗೋ ಅಂತಾನೆ. ಯಾರ ಮಾತು ಕೇಳಲಿ? 24 ಇಂಚು ಸಾಕಾ, 27 ಬೇಕಾ?

ಉತ್ತರ: ಐಪಿಎಸ್, 24 ಇಂಚು, ಫುಲ್ ಎಚ್‌ಡಿ. ಅವಸರ ಇದ್ದವರು ಇಷ್ಟು ಓದಿ ಹೊರಡಬಹುದು.

ಉಳಿದವರು ಸ್ವಲ್ಪ ಕೂತ್ಕೊಳ್ಳಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರೂ ಕೇಳಿದ್ದಾರೆ. ಎಲ್‌ಇಡಿಯೋ ಐಪಿಎಸ್ಸೋ ಅನ್ನುವುದು ಇಡ್ಲಿ ತಿನ್ನಲಾ, ಗ್ಯಾಸ್ ಒಲೆ ತಿನ್ನಲಾ ಎಂದು ಕೇಳಿದ ಹಾಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ವಿಷಯವೇ ಅಲ್ಲ ಇದು.

ದಿನಸಿ ಅಂಗಡಿಯ ಕ್ಯಾಲ್ಕುಲೇಟರ್ ನೋಡಿದ್ದೀರಲ್ಲ? ಅದರ ಪರದೆ ಎಲ್‌ಸಿಡಿ. ಕರೆಂಟ್ ಹೋದಾಗ ಕತ್ತಲಲ್ಲಿ ಅದರ ಗುಂಡಿ ಒತ್ತಿ ನೋಡಿ, ಒಂದು ಅಂಕಿಯೂ ಕಾಣುವುದಿಲ್ಲ. ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಬಂದ ಬೆಳಕನ್ನು ಬಿಡುವುದು, ಇಲ್ಲವೇ ತಡೆಯುವುದು, ಅಷ್ಟೇ ಅದರ ಕೆಲಸ. ಹಾಗಾಗಿ ಮಾನಿಟರ್‌ನಲ್ಲಿ ಎಲ್‌ಸಿಡಿಯ ಬೆನ್ನಿಗೆ ಒಂದು ದೀಪ ಇಡಲೇಬೇಕು. ಮೊದಲು ಅಲ್ಲಿ ಪೆನ್ಸಿಲಿಗಿಂತ ಸಣ್ಣ ಟ್ಯೂಬ್‌ಲೈಟ್‌ಗಳಿರುತ್ತಿದ್ದವು. 2009ರ ಆಸುಪಾಸಿನಲ್ಲಿ ಆ ಜಾಗಕ್ಕೆ ಎಲ್‌ಇಡಿ ದೀಪಗಳು ಜಾಸ್ತಿ ಬರತೊಡಗಿದವು. ಕರೆಂಟ್ ಉಳಿಯಿತು, ಪರದೆ ತೆಳ್ಳಗಾಯಿತು. ಒಳ್ಳೇದೇ ಆಯಿತು. ಆದರೆ ಕಂಪನಿಗಳು ಡಬ್ಬದ ಮೇಲೆ 'ಎಲ್‌ಇಡಿ ಟಿವಿ', 'ಎಲ್‌ಇಡಿ ಮಾನಿಟರ್' ಎಂದು ದಪ್ಪ ಅಕ್ಷರದಲ್ಲಿ ಹಾಕಿದವು. ಹಿಂದಿನ ದೀಪದ ಹೆಸರೇ ಇಡೀ ಸಾಮಾನಿಗೆ ಬಂತು. ಎಲ್‌ಸಿಡಿ ಹಳೇದು, ಎಲ್‌ಇಡಿ ಹೊಸದು ಎಂಬ ಮಾತು ಆಗ ಅಂಟಿಕೊಂಡಿದ್ದು ಇನ್ನೂ ಬಿಟ್ಟಿಲ್ಲ.

ತೊಗಲುಬೊಂಬೆ ಆಟ ನೆನಪಿಸಿಕೊಳ್ಳಿ. ಮುಂದೆ ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣ ಬಳಿದ ತೊಗಲಿನ ರಾವಣ. ಮೊದಲು ಎಣ್ಣೆ ದೀಪ ಇತ್ತು, ಆಮೇಲೆ ಕರೆಂಟ್ ಬಲ್ಬ್ ಬಂತು. ಹಾಗಂತ ಯಾರೂ ಅದನ್ನು 'ಬಲ್ಬಿನ ಆಟ' ಅನ್ನಲಿಲ್ಲ, ಅಲ್ವಾ? ಎಲ್‌ಇಡಿ ಅಂದರೆ ಆ ಬಲ್ಬ್, ಎಲ್‌ಸಿಡಿ ಅಂದರೆ ಆ ಬೊಂಬೆ. ಐಪಿಎಸ್, ವಿಎ, ಟಿಎನ್ ಅನ್ನುವುವು ಬೊಂಬೆ ಆಡಿಸುವ ಮೂರು ಬಗೆ. ಈಗ ಅಂಗಡಿಯಲ್ಲಿರುವ ಐಪಿಎಸ್ ಮಾನಿಟರ್‌ಗಳ ಹಿಂದೆ ಉರಿಯುವುದೂ ಎಲ್‌ಇಡಿಯೇ. ನಿಮ್ಮ ತಮ್ಮನೂ ಅಂಗಡಿಯವರೂ ಸುಮ್ನೆ ಜಗಳ ಆಡುತ್ತಿದ್ದಾರೆ.

(ಒಎಲ್‌ಇಡಿ ಬೇರೆ. ಅಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಹಿಂದೆ ದೀಪ ಬೇಡ. ಹೆಸರಲ್ಲಿ ಒಂದಕ್ಷರ ಜಾಸ್ತಿ, ಬೆಲೆಯಲ್ಲಿ ತುಂಬಾ ಜಾಸ್ತಿ. ದಿನವಿಡೀ ಒಂದೇ ಎಕ್ಸೆಲ್ ಹಾಳೆ ತೆರೆದಿಟ್ಟರೆ ಅದರ ಗೆರೆಗಳ ಗುರುತು ಪರದೆಯಲ್ಲೇ ಉಳಿದುಬಿಡುವ ಭಯವೂ ಇದೆ. ಆಫೀಸ್ ಕೆಲಸಕ್ಕೆ ನಾನಂತೂ ಹೇಳುವುದಿಲ್ಲ.)

ಇನ್ನು ಆ ಮೂರು ಬಗೆ. ಟಿಎನ್ ಅಗ್ಗ, ಆದರೆ ಕೆಳಗಿನಿಂದ ನೋಡಿದರೆ ಬಣ್ಣವೆಲ್ಲ ತಿರುಗುಮುರುಗು. ವಿಎಯಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ. ಅದರ ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವ ಲೆಕ್ಕ, ಸುಮಾರು 3000ಕ್ಕೆ 1, ಮಾಮೂಲಿ ಐಪಿಎಸ್‌ನದು 1000ಕ್ಕೆ 1. ಲೈಟ್ ಆರಿಸಿ ಸಿನಿಮಾ ನೋಡುವವರು ವಿಎ ತಗೊಳ್ಳಲಿ. ಆದರೆ ಕಪ್ಪು ಹಿನ್ನೆಲೆಯ ಪುಟವನ್ನು ಬೇಗ ಸರಿಸಿದರೆ ಕೆಲವು ವಿಎ ಪರದೆಗಳಲ್ಲಿ ಅಕ್ಷರದ ಹಿಂದೆ ಮಸಿ ಎಳೆದಂತೆ ಆಗುತ್ತದೆ. ಹಗಲು ಬೆಳಕಿನಲ್ಲಿ ಕೂತು ಓದುವ, ಬರೆಯುವ ಕೆಲಸಕ್ಕೆ ಐಪಿಎಸ್ಸೇ ಸರಿ.

ಅಳತೆಯಲ್ಲಿ ನಾನೂ ಒಮ್ಮೆ ಬಿದ್ದವನೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅರ್ಧ ದಿನ ಸುತ್ತಿ, ದೊಡ್ಡದು ಅಂತ 27 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಹೊತ್ತು ತಂದೆ. ತಪ್ಪು ನನ್ನದೇ. ಫುಲ್ ಎಚ್‌ಡಿ ಅಂದರೆ 1920 × 1080, ಸುಮಾರು 20.7 ಲಕ್ಷ ಚುಕ್ಕಿ. 24 ಇಂಚಿನಲ್ಲೂ ಅಷ್ಟೇ, 27ರಲ್ಲೂ ಅಷ್ಟೇ. ಅದೇ ಹಿಟ್ಟಿನ ಉಂಡೆಯಲ್ಲಿ ದೊಡ್ಡ ರೊಟ್ಟಿ ತಟ್ಟಿದ ಹಾಗೆ. 24 ಎಂದು ಮಾರುವ ಪರದೆಗಳು ಸಾಮಾನ್ಯವಾಗಿ 23.8 ಇಂಚು ಇರುತ್ತವೆ. ಅಲ್ಲಿ ಇಂಚಿಗೆ 93 ಚುಕ್ಕಿ ಸಿಗುತ್ತವೆ, 27ರಲ್ಲಿ 82ಕ್ಕೆ ಇಳಿಯುತ್ತವೆ. 27 ಬೇಕೇ ಬೇಕು ಅಂದರೆ ಕ್ಯೂಎಚ್‌ಡಿ ತಗೊಳ್ಳಿ. 2560 × 1440, ಇಂಚಿಗೆ 109 ಚುಕ್ಕಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷ್ ಓದುವಾಗ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ, ಕನ್ನಡದಲ್ಲಿ ಕಾಡುತ್ತದೆ. ನಮ್ಮ ಸಾಲಿನಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. 'ರಾಷ್ಟ್ರ' ಬರೆದರೆ ಒತ್ತಿನ ಪಕ್ಕ ಇನ್ನೊಂದು ಒತ್ತು. ಇಷ್ಟೆಲ್ಲ ಅದೇ ಎತ್ತರದೊಳಗೆ ಹಿಡಿಸಬೇಕು. ದನಕ್ಕೂ ಧನಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. ಚುಕ್ಕಿ ದಪ್ಪ ಆದರೆ ಮೊದಲು ಮಾಯವಾಗುವುದೇ ಆ ಸೀಳು. ಅದಕ್ಕೇ ಅಂಗಡಿಗೆ ಹೋದಾಗ ಅವರು ಹಾಕಿರುವ ಗಿಳಿ, ಜಲಪಾತದ ವಿಡಿಯೋ ನೋಡಬೇಡಿ. ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆಸಿ, ಎರಡು ಅಡಿ ದೂರ ನಿಂತು ಒತ್ತಕ್ಷರ ಓದಿ.

ಪಕ್ಕದ ಮನೆ ಮೇಷ್ಟ್ರು ನನ್ನ ಮಾತು ಕೇಳಿ 24 ಇಂಚಿನ ಐಪಿಎಸ್ಸೇ ತಂದರು. ವಾರದೊಳಗೆ ಕರೆದು, "ಎಲ್ಲಾ ಮಸುಕು ಮಸುಕು ಕಣಯ್ಯಾ" ಎಂದರು. ಹೋಗಿ ನೋಡಿದರೆ ಕಂಪ್ಯೂಟರಿನ ಸೆಟ್ಟಿಂಗ್ ಹಳೇ ಮಾನಿಟರಿನ 1366 × 768ರಲ್ಲೇ ಕೂತಿತ್ತು. 1920 × 1080ಕ್ಕೆ ಬದಲಿಸಿದೆ. "ಅಕ್ಷರ ಸಣ್ಣ ಆಯ್ತಲ್ಲೋ" ಎಂದರು. ರೆಸಲ್ಯೂಷನ್, ಅಂದರೆ ಆ ಚುಕ್ಕಿಗಳ ಲೆಕ್ಕ, ಮುಟ್ಟದೆ, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡುವ ಸ್ಕೇಲ್ ಮಾತ್ರ ಶೇ. 125ಕ್ಕೆ ಏರಿಸಿ ಬಂದೆ. ಈಗ ಧನ ಧನವಾಗಿಯೇ ಕಾಣುತ್ತಿದೆಯಂತೆ.